ದೋಣಿ ಎಣ್ಣೆ ಡಬ್ಬದ ಮೇಲೆ ಏನು ಬರೆದಿದೆ, ಓದಿದ್ದೀರಾ?

ಹೋದ ಸಲ ಹಿತುಕಿದ ಅವರೆಬೇಳೆ ಸಾರು ಬರೆದಿದ್ದೆ. ಈ ಸಲ ಎಣ್ಣೆ ವಿಷಯ. ಒಗ್ಗರಣೆ ಎಣ್ಣೆ ಅಲ್ಲ, ಮೋಟರ್ ದೋಣಿಗೆ ಹಾಕೋ ಎಣ್ಣೆ.

ನಗಬೇಡಿ. "ಬೈಯಪ್ಪನಹಳ್ಳೀಲಿ ಕೂತ್ಕೊಂಡು ನಿನಗ್ಯಾಕೆ ದೋಣಿ ಉಸಾಬರಿ" ಅಂತ ಎದುರುಮನೆ ಅಕ್ಕ ಆಗ್ಲೇ ಕೇಳಿಬಿಟ್ರು. ನಿಜ, ನಮಗೆಲ್ಲ ದೋಣಿ ಅಂದ್ರೆ ಹಲಸೂರು ಕೆರೆ. ಮಕ್ಕಳನ್ನ ಕರ್ಕೊಂಡು ಹೋಗಿ ಒಂದು ಸುತ್ತು ಹಾಕ್ಸಿ, ಚುರುಮುರಿ ತಿಂದು ಬರೋದು. ಆದ್ರೆ ನನ್ನ ಮಗಳನ್ನ ಕೊಟ್ಟಿರೋದು ಗಂಗೊಳ್ಳಿ ಕಡೆಯವರಿಗೆ ಅಂತ ನಿಮಗೆಲ್ಲ ಗೊತ್ತು. ಅಳಿಯ ಇಲ್ಲೇ ಕೆಲಸದಲ್ಲಿದ್ದಾರೆ. ಬೀಗರದ್ದು ಮಾತ್ರ ಇವತ್ತಿಗೂ ಕಡಲ ಬದುಕು. ಒಂದು ನಾಡದೋಣಿ, ಅದರ ಹಿಂದೆ ಕಟ್ಟೋ ಒಂದು ಔಟ್‌ಬೋರ್ಡ್ ಮೋಟರು, ನಾಕು ಬಲೆ. ಅಷ್ಟರಲ್ಲೇ ಮೂರು ಮಕ್ಕಳನ್ನ ಓದಿಸಿದ್ದಾರೆ.

ಹೋದ ವರ್ಷ ಜುಲೈನಲ್ಲಿ ಮಗಳ ಜತೆ ನಾನೂ ಹೋಗಿದ್ದೆ. ಮಳೆ ಅಂದ್ರೆ ಮಳೆ, ನಮ್ಮೂರ ಮಳೆ ಅಲ್ಲ. ಇಂಥ ಮಳೇಲಿ ಯಾರು ಕಡಲಿಗೆ ಹೋಗ್ತಾರೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ನಾಡದೋಣಿಯವರ ಸುಗ್ಗೀನೇ ಅದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮರಿ ಹಾಕೋ ಕಾಲ. 10 ಅಶ್ವಶಕ್ತಿ ಒಳಗಿನ ಮೋಟರ್ ಕಟ್ಟಿದ ನಾಡದೋಣಿಗೆ ಮಾತ್ರ ಅವಕಾಶ. ಹಂಗಾಗಿ ಆ ಎರಡು ತಿಂಗಳು ಮೋಟರ್ ಸರಿಯಾಗಿದ್ರೆ ವರ್ಷದ ಅನ್ನ, ಕೆಟ್ರೆ ವರ್ಷದ ಸಾಲ.

ನಾನು ಹೋದ ಮೂರನೇ ದಿನ ಬೀಗರು, ಅವರ ತಮ್ಮನ ಮಗ ಬೆಳಗಿನ ಜಾವ ಹೋದವರು ಹತ್ತು ಗಂಟೆಯಾದ್ರೂ ಬರಲಿಲ್ಲ. ಬೀಗಿತ್ತಿ ಬುಟ್ಟಿ ಇಟ್ಕೊಂಡು ದಡದಲ್ಲೇ ನಿಂತಿದ್ರು. ಮಾತಿಲ್ಲ. ನಾನು ಪಕ್ಕದಲ್ಲಿ ಕೊಡೆ ಹಿಡ್ಕೊಂಡು ನಿಂತೆ, ನನಗೂ ಮಾತಿಲ್ಲ. ಹನ್ನೊಂದೂವರೆಗೆ ಇನ್ನೊಂದು ದೋಣಿಯವರು ಇವರ ದೋಣಿಗೆ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು. ಅಳಿವೆ ಹತ್ರ, ಅಂದ್ರೆ ಹೊಳೆ ಕಡಲು ಸೇರೋ ಜಾಗದಲ್ಲಿ, ಮೋಟರ್ ನಿಂತುಬಿಟ್ಟಿತ್ತಂತೆ. ಮಳೆಗಾಲದಲ್ಲಿ ಅಳಿವೇಲಿ ಅಲೆ ಹೇಗೆ ಒಡೀತದೆ ಅಂತ ನೋಡಿದವರಿಗೇ ಗೊತ್ತು. ಮೋಟರ್ ನಿಂತ ದೋಣಿ ಅಲ್ಲಿ ತೆಂಗಿನ ಚಿಪ್ಪಿನ ಥರ.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಬಿಚ್ಚಿದ. ಸ್ಪಾರ್ಕ್ ಪ್ಲಗ್ ತೆಗೆದು ತೋರಿಸಿದ, ತುದೀಲಿ ಬೂದಿ ಕಟ್ಟಿದ ಹಂಗೆ ಬಿಳಿ ಪೊರೆ. ಒಳಗೆ ಪಿಸ್ಟನ್ನಿನ ಉಂಗುರಗಳು ಕಪ್ಪು ಗಸಿ ಹಿಡಿದು ಅಂಟ್ಕೊಂಡಿದ್ವು, ನಾವು ಪಾಕ ಕಾಯಿಸಿ ತೊಳೆಯದೆ ಬಿಟ್ಟ ಪಾತ್ರೆ ಥರ. "ಎಣ್ಣೆ ಯಾವುದು ಹಾಕ್ತಿದ್ರಿ?" ಅಂತ ಕೇಳಿದ. ಬೀಗರು ಮೂಲೇಲಿದ್ದ ಪ್ಲಾಸ್ಟಿಕ್ ಬಾಟಲಿ ತೋರಿಸಿದ್ರು. ಹಳೇ ನೀರಿನ ಬಾಟಲಿ, ಒಳಗೆ ಬಿಡಿಯಾಗಿ ತಂದ 2ಟಿ ಎಣ್ಣೆ. ಮೆಕ್ಯಾನಿಕ್ ನಿಧಾನಕ್ಕೆ ಹೇಳಿದ, "ಎಣ್ಣೆ ಒಂದೇ ಕಾರಣ ಅಂತ ನಾನು ಆಣೆ ಮಾಡಲ್ಲ. ಆದ್ರೆ ಇದು ಆಟೋ ಎಣ್ಣೆ, ದೋಣಿ ಎಣ್ಣೆ ಅಲ್ಲ."

ನಾನು ಮುಚ್ಚಳ ತೆಗೆದು ಮೂಸಿದೆ. ಅದೇ ವಾಸನೆ. ಇಪ್ಪತ್ತು ವರ್ಷ ನಮ್ಮನೆಯವರ ಖಾಕಿ ಅಂಗಿಯಿಂದ ಒಗೆದು ಒಗೆದು ಹೋಗದೇ ಇದ್ದ ವಾಸನೆ.

ನಮ್ಮನೆಯವರು ಆಟೋ ಓಡಿಸಿದವರು. ಆಗ ಎನ್‌ಜಿಇಎಫ್ ಕಾರ್ಖಾನೆ ಇನ್ನೂ ನಡೀತಿತ್ತು, ಶಿಫ್ಟ್ ಬಿಟ್ಟಾಗ ಹಳೇ ಮದ್ರಾಸು ರಸ್ತೇಲಿ ಸೈಕಲ್ಲು, ಆಟೋ, ಹೊಗೆ. ಎಲ್ಲ ಟೂ ಸ್ಟ್ರೋಕ್ ಆಟೋಗಳೇ. ಹಿಂದೆ ನೀಲಿ ಹೊಗೆ ಬಿಟ್ಕೊಂಡು ಹೋಗೋದು, ಹಿಂದಿನ ಸ್ಕೂಟರಿನವನು ಬೈಯೋದು. ನಮ್ಮನೆಯವರು ಪೆಟ್ರೋಲ್ ಹಾಕಿಸಿ, ಎಣ್ಣೆ ಅಳತೆ ಮೇಲೆ "ಇನ್ನೊಂಚೂರು ಬಿಡಿ" ಅನ್ನೋರು. ಜಾಸ್ತಿ ಎಣ್ಣೆ ಅಂದ್ರೆ ಎಂಜಿನ್‌ಗೆ ಜಾಸ್ತಿ ಪ್ರೀತಿ ಅಂತ ಲೆಕ್ಕ. ಆ ಪ್ರೀತಿ ಅಷ್ಟೂ ಸೈಲೆನ್ಸರಲ್ಲಿ ಗಸಿಯಾಗಿ ಕೂತು, ಮಿಕ್ಕಿದ್ದು ಹೊಗೆಯಾಗಿ ಹೋಗ್ತಿತ್ತು. ರಾತ್ರಿ ಅವರ ಕೆಮ್ಮಿಗೆ ನಾನು ಶುಂಠಿ ಕಷಾಯ ಕಾಯಿಸ್ತಿದ್ದೆ. ಎಣ್ಣೆ ಬಗ್ಗೆ ಮಾತ್ರ ಒಂದು ದಿನಾನೂ ಕೇಳಲಿಲ್ಲ, ಅದು ಗಂಡಸರ ವಿಷಯ ಅಂತ. ಆ ತಪ್ಪನ್ನ ಇನ್ನೊಂದು ಸಲ ಮಾಡಬಾರದು ಅಂತಲೇ ಇದನ್ನ ಬರೀತಿದ್ದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ದೋಣಿ ಎಣ್ಣೆ ಯಾವುದು, ಎಷ್ಟು ಅನ್ನೋದು ಮನೆ ಲೆಕ್ಕ ಹಿಡಿದ ಹೆಂಗಸು ನೋಡಬೇಕಾದ ವಿಷಯ. ಅಕ್ಕಿ, ಬೇಳೆ ಥರಾನೇ. ಕಣ್ಣಳತೇಲಿ ಸುರಿಯೋ ಅಗ್ಗದ ಎಣ್ಣೆ ಅಗ್ಗ ಅಲ್ಲ.

ಮೊದಲು ಟೂ ಸ್ಟ್ರೋಕ್ ಯಾಕೆ ಹೊಗೆ ಬಿಡುತ್ತೆ ಅಂತ ನನಗೆ ಅರ್ಥ ಆಗಿರೋ ಹಾಗೆ ಹೇಳ್ತೀನಿ. ಕಾರು, ಈಗಿನ ಸ್ಕೂಟರು ಎಲ್ಲ ಫೋರ್ ಸ್ಟ್ರೋಕ್. ಅದರಲ್ಲಿ ಎಣ್ಣೆ ತಳದಲ್ಲಿ ಬೇರೆ ಇರುತ್ತೆ, ಸುತ್ತಿ ಸುತ್ತಿ ಬರುತ್ತೆ, ಸುಡಬಾರದು. ಟೂ ಸ್ಟ್ರೋಕಲ್ಲಿ ಎಣ್ಣೆಗೆ ಬೇರೆ ಮನೆ ಇಲ್ಲ. ಇಂಧನದ ಜತೆಗೇ ಬೆರೆತು ಒಳಗೆ ಹೋಗಬೇಕು, ದಾರೀಲಿ ಎಲ್ಲಾ ಕಡೆ ಸವರಿ ಜಾರಿಸಬೇಕು, ಕೊನೆಗೆ ತಾನೂ ಸುಟ್ಟು ಹೊರಗೆ ಹೋಗಬೇಕು. ಸರಿಯಾಗಿ ಸುಡದ ಎಣ್ಣೇನೇ ನೀಲಿ ಹೊಗೆ. ದೋಸೆ ಕಾವಲಿ ಮೇಲೆ ಒಂದು ಚಮಚ ಹಾಕೋ ಕಡೆ ಸೌಟು ಎಣ್ಣೆ ಸುರಿದ್ರೆ ಅಡುಗೆಮನೆ ಏನಾಗುತ್ತೆ, ಹಂಗೆ.

ಇದರ ಮೇಲೆ ನಾಡದೋಣಿ ಮೋಟರುಗಳು ಹೆಚ್ಚಾಗಿ ಸೀಮೆಎಣ್ಣೇಲಿ ಓಡೋವು. ಸ್ಟಾರ್ಟ್ ಮಾಡೋಕೆ ಪೆಟ್ರೋಲು, ಬಿಸಿ ಆದ ಮೇಲೆ ಸೀಮೆಎಣ್ಣೆಗೆ ತಿರುಗಿಸ್ತಾರೆ. ಸೀಮೆಎಣ್ಣೆ ಪೆಟ್ರೋಲಿನಷ್ಟು ಸಲೀಸಾಗಿ ಆವಿ ಆಗಲ್ಲ, ಸುಡೋದೂ ನಿಧಾನ. ಅದಕ್ಕೇ ಅದರದ್ದೇ ಹೊಗೆ ಬೇರೆ. ಹಂಗಿರುವಾಗ ಎಣ್ಣೇನಾದ್ರೂ ಸರಿಯಾದ್ದು ಇರಬೇಕಲ್ವಾ?

ಈಗ ಡಬ್ಬದ ವಿಷಯಕ್ಕೆ ಬರ್ತೀನಿ. ನಮ್ಮ ಆಟೋ ಎಂಜಿನ್ನು, ಕಳೆ ಕೊಚ್ಚೋ ಮಿಷನ್ನು ಇವೆಲ್ಲ ಗಾಳೀಲಿ ತಣ್ಣಗಾಗೋವು. ತುಂಬಾ ಕಾಯ್ತವೆ. ಆ ಬಿಸಿ ತಡ್ಕೊಳ್ಳೋಕೆ ಅವುಗಳ ಎಣ್ಣೆಗೆ ಒಂದಿಷ್ಟು ಲೋಹದ ಲವಣ ಬೆರೆಸಿರ್ತಾರೆ, ಅದು ಸುಟ್ಟಾಗ ಚೂರು ಬೂದಿ ಉಳಿಯುತ್ತೆ. ದೋಣಿ ಮೋಟರು ಕಡಲ ನೀರನ್ನೇ ಮೇಲಕ್ಕೆ ಎಳ್ಕೊಂಡು ತಣ್ಣಗಾಗುತ್ತೆ. ಅದು ಅಷ್ಟು ಕಾಯಲ್ಲ. ಆದ್ರೆ ಗಂಟೆಗಟ್ಟಲೆ ಒಂದೇ ಸಮ ಜೋರಾಗಿ ಓಡುತ್ತೆ, ಆಮೇಲೆ ಬಲೆ ಬಿಡುವಾಗ ಗಂಟೆಗಟ್ಟಲೆ ನಿಧಾನಕ್ಕೆ ಓಡುತ್ತೆ. ಇದಕ್ಕೆ ಬೂದಿ ಬಿಡದ ಎಣ್ಣೆ ಬೇಕು. ಬೂದಿ ಬಿಡೋ ಎಣ್ಣೆ ಹಾಕಿದ್ರೆ ಪ್ಲಗ್ಗಿಗೆ ಪೊರೆ ಕಟ್ಟುತ್ತೆ, ಪಿಸ್ಟನ್ ತಲೆ ಮೇಲೆ ಕೂತ್ಕೊಳ್ಳುತ್ತೆ. ಮೆಕ್ಯಾನಿಕ್ ತೋರಿಸಿದ್ನಲ್ಲ ಬಿಳಿ ಪೊರೆ, ಅದು ಇದೇ.

ಹಂಗಾಗಿ ದೋಣಿ ಎಣ್ಣೆ ಡಬ್ಬದ ಮೇಲೆ ಇಂಗ್ಲಿಷಲ್ಲಿ ಟಿಸಿ-ಡಬ್ಲ್ಯೂ 3 ಅಂತ ಇರಬೇಕು. ಟಿಸಿ ಅಂದ್ರೆ ಟೂ ಸೈಕಲ್, ಡಬ್ಲ್ಯೂ ಅಂದ್ರೆ ವಾಟರ್, ನೀರಲ್ಲಿ ತಣ್ಣಗಾಗೋ ಎಂಜಿನ್. ಅಮೆರಿಕಾದ ದೋಣಿ ತಯಾರಕರ ಸಂಘ ಎಣ್ಣೆಗಳನ್ನ ಪರೀಕ್ಷೆ ಮಾಡಿ ಕೊಡೋ ಗುರುತು ಅದು. ಒಪ್ಪಿಗೆ ಸಿಕ್ಕಿದ ಎಣ್ಣೆಗೆ ಆರ್‌ಎಲ್ ಅಂತ ಶುರುವಾಗೋ ನಂಬರೂ ಕೊಡ್ತಾರೆ. ಡಬ್ಬದಲ್ಲಿ ಆ ನಂಬರ್ ಇದ್ರೆ ಇನ್ನೂ ಧೈರ್ಯ.

ಇನ್ನು ಗಾಳೀಲಿ ತಣ್ಣಗಾಗೋ ಮಿಷನ್ನುಗಳಿಗೆ ಜಪಾನಿನವರ ಗುರುತು ಒಂದಿದೆ, ಜಾಸೋ ಅಂತ. ಅದರಲ್ಲಿ ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ದರ್ಜೆ. ಎಫ್‌ಸಿಯಿಂದ ಮೇಲಕ್ಕೆ ಕಡಿಮೆ ಹೊಗೆ. ಎಫ್‌ಡಿ ಅದಕ್ಕಿಂತ ಚೊಕ್ಕಟ, ಒಳಗೆ ಗಸಿ ಕಮ್ಮಿ. ಮಾಲೂರು, ಕೋಲಾರದ ಕಡೆ ತೋಟ ಇರೋ ನಮ್ಮ ನಾದಿನಿಯರು ಕಳೆ ಮಿಷನ್ನಿಗೆ ಇದನ್ನ ನೋಡ್ಕೊಳ್ಳಿ. ಅದಕ್ಕೆ ದೋಣಿ ಎಣ್ಣೆ ಹಾಕಬೇಡಿ, ಆ ಬಿಸಿಗೆ ಅದು ಸಾಲದು. ದೋಣಿಗೆ ಆಟೋ ಎಣ್ಣೆ ಬೇಡ, ಕಳೆ ಮಿಷನ್ನಿಗೆ ದೋಣಿ ಎಣ್ಣೆ ಬೇಡ. ಇಷ್ಟು ನೆನಪಿದ್ರೆ ಸಾಕು.

ಇಷ್ಟೆಲ್ಲ ನಾನು ಬೀಗಿತ್ತಿಗೆ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಹೊಗಿ ಬರ್ದೆ ಇದ್ರ್ ಇಂಜಿನ್ ಹ್ಯಾಂಗೆ ಓಡತ್ತ್ ಅಕ್ಕ?" ನಗಬೇಡಿ, ಇದನ್ನ ಬೆಂಗಳೂರಿನ ಆಟೋದವರೂ ಕೇಳ್ತಿದ್ರು. ಹೊಗೆ ಬಂದ್ರೆ ಎಣ್ಣೆ ಕೆಲಸ ಮಾಡ್ತಿದೆ, ಹೊಗೆ ಇಲ್ಲದ ಎಣ್ಣೇಲಿ ಶಕ್ತಿ ಇಲ್ಲ ಅಂತ ಒಂದು ನಂಬಿಕೆ. ಅದು ತಪ್ಪು. ಹಳೇ ಥರದ ಎಣ್ಣೇಲಿ ಭಾರದ ಖನಿಜ ತೈಲ ಜಾಸ್ತಿ, ಅದು ಪೂರ್ತಿ ಸುಡಲ್ಲ. ಕಡಿಮೆ ಹೊಗೆ ಎಣ್ಣೇಲಿ ಆ ಭಾರದ ಭಾಗ ತೆಗೆದು ಪಾಲಿಐಸೋಬ್ಯುಟಿಲೀನ್ ಅನ್ನೋ ಒಂದು ಕೃತಕ ದ್ರವ ಸೇರಿಸಿರ್ತಾರೆ. ಹೆಸರು ಉದ್ದ, ಕೆಲಸ ಸಣ್ಣದು: ಜಾರಿಸೋದು ಜಾರಿಸುತ್ತೆ, ಆಮೇಲೆ ಗಸಿ ಬಿಡದೆ ಸುಟ್ಟು ಹೋಗುತ್ತೆ.

ಎರಡನೇ ಪ್ರಶ್ನೆ ದುಡ್ಡಿಂದು. "ಆ ಡಬ್ಬಿಗೆ ರೇಟ್ ಹೆಚ್ಚಲ್ದಾ?" ಅಂದ್ರು. ಹೌದು, ಹೆಚ್ಚು. ಅದಕ್ಕೇ ಕೂತು ಲೆಕ್ಕ ಹಾಕಿದ್ವಿ, ಮಗಳ ಹಳೇ ನೋಟ್‌ಬುಕ್ಕಲ್ಲಿ. ಮೋಟರ್ ತಗೊಂಡಾಗ ಕೊಟ್ಟ ಪುಸ್ತಕ ಮದುವೆ ಆಲ್ಬಮ್ ಕೆಳಗೆ ಸಿಕ್ತು. ಅದರಲ್ಲಿ 50ಕ್ಕೆ 1 ಅಂತ ಇತ್ತು. ಅಂದ್ರೆ 50 ಲೀಟರ್ ಇಂಧನಕ್ಕೆ 1 ಲೀಟರ್ ಎಣ್ಣೆ, ಲೀಟರಿಗೆ 20 ಎಂಎಲ್. ಇಪ್ಪತ್ತು ಲೀಟರ್ ಕ್ಯಾನಿಗೆ 400 ಎಂಎಲ್. ಬೀಗರು ಎಷ್ಟು ಹಾಕ್ತಿದ್ರು ಅಂತ ಅಡುಗೆಮನೆ ಅಳತೆ ಲೋಟ ತಂದು ನೋಡಿದ್ರೆ, ಅವರ "ಒಂದು ಅಂದಾಜು" 600 ಎಂಎಲ್!

ಈಗ ಲೆಕ್ಕಕ್ಕೆ ಅಗ್ಗದ ಎಣ್ಣೆ ಲೀಟರಿಗೆ 300 ರೂಪಾಯಿ, ಒಳ್ಳೇದು 400 ಅಂತ ಇಟ್ಕೊಳ್ಳಿ. ನಿಮ್ಮೂರ ರೇಟ್ ಬೇರೆ ಇರಬಹುದು, ಹಾಕಿ ನೋಡಿ. ಅಗ್ಗದ್ದು 600 ಎಂಎಲ್ ಅಂದ್ರೆ 180 ರೂಪಾಯಿ. ಒಳ್ಳೇದು ಅಳೆದು 400 ಎಂಎಲ್ ಅಂದ್ರೆ 160 ರೂಪಾಯಿ. ಕ್ಯಾನಿಗೆ ಇಪ್ಪತ್ತು ರೂಪಾಯಿ ಉಳೀತು, ಹೊಗೆ ಕಮ್ಮಿ ಆಯ್ತು, ಪ್ಲಗ್ ಉಳೀತು. ಬೀಗಿತ್ತಿ ಆ ಹಾಳೆ ಹರ್ಕೊಂಡು ಅಕ್ಕಿ ಡಬ್ಬದ ಒಳಗೆ ಇಟ್ರು. ನನಗೆ ಅಷ್ಟು ಸಾಕಾಯ್ತು.

ಇಲ್ಲಿ ಒಂದು ಎಚ್ಚರಿಕೆ. ಉಳಿತಾಯ ಅಂತ ಹೇಳಿ 50ಕ್ಕೆ 1 ಇರೋದನ್ನ 100ಕ್ಕೆ 1 ಮಾಡಬೇಡಿ. ಎಣ್ಣೆ ಕಮ್ಮಿಯಾದ್ರೆ ಪಿಸ್ಟನ್ ಹಿಡ್ಕೊಂಡುಬಿಡುತ್ತೆ, ಆಮೇಲೆ ನೂರಲ್ಲ, ಸಾವಿರಗಟ್ಟಲೆ ಖರ್ಚು. ಹೊಸ ಮೋಟರಿಗೆ ಮೊದಮೊದಲು ಜಾಸ್ತಿ ಎಣ್ಣೆ ಬೇಕು ಅಂತ ಪುಸ್ತಕದಲ್ಲೇ ಬರೆದಿರುತ್ತೆ. ನಿಮ್ಮ ಮೋಟರಿನ ಪುಸ್ತಕ ಏನು ಹೇಳುತ್ತೋ ಅದೇ ಲೆಕ್ಕ. ಪಕ್ಕದ ದೋಣಿಯವರ ಲೆಕ್ಕ ಅಲ್ಲ, ನಂದೂ ಅಲ್ಲ.

ಬಿಡಿ ಎಣ್ಣೆ ಬಗ್ಗೆ ನನ್ನ ಮಾತು ಖಡಾಖಂಡಿತ: ಬೇಡ. ಬಾಟಲೀಲಿ ಏನಿದೆ ಅಂತ ತಂದವರಿಗೂ ಗೊತ್ತಿರಲ್ಲ, ಮಾರಿದವರಿಗೂ ಗೊತ್ತಿರಲ್ಲ. ದಿಲ್ಲಿಯಲ್ಲಿ ಆಟೋ ಹೊಗೆ ವಿಪರೀತ ಆದಾಗ ಸುಪ್ರೀಂ ಕೋರ್ಟು 1998ರಲ್ಲಿ ಹಾಕಿದ ಷರತ್ತುಗಳಲ್ಲಿ ಬಿಡಿ 2ಟಿ ಎಣ್ಣೆ ಮಾರಾಟ ನಿಲ್ಲಿಸೋದೂ ಒಂದು. ದೇಶದ ದೊಡ್ಡ ಕೋರ್ಟೇ ಕೂತು ಎಣ್ಣೆ ಬಾಟಲಿ ಬಗ್ಗೆ ಯೋಚನೆ ಮಾಡಿದೆ ಅಂದ್ರೆ ನಾವು ಮಾಡೋದ್ರಲ್ಲಿ ತಪ್ಪೇನಿದೆ? ನಮ್ಮ ಬೆಂಗಳೂರಲ್ಲೂ ಟೂ ಸ್ಟ್ರೋಕ್ ಆಟೋಗಳು ಹೋಗಿ ಫೋರ್ ಸ್ಟ್ರೋಕು, ಗ್ಯಾಸು, ಈಗ ಕರೆಂಟಿನ ಆಟೋ ಬಂದಿವೆ. 2011ರ ಅಕ್ಟೋಬರಲ್ಲಿ ನಮ್ಮ ಬೈಯಪ್ಪನಹಳ್ಳಿಯಿಂದಲೇ ಮೆಟ್ರೋ ಶುರುವಾಯ್ತು. ನಮ್ಮ ರಸ್ತೆಯ ನೀಲಿ ಹೊಗೆ ಹೋಯ್ತು. ಆದ್ರೆ ಆ ಬಾಟಲಿ ಗಂಗೊಳ್ಳಿ ಮನೆ ಮೂಲೇಲಿ ನನಗೆ ಮತ್ತೆ ಸಿಕ್ತು.

"ಟೂ ಸ್ಟ್ರೋಕೇ ಬಿಟ್ಟು ಫೋರ್ ಸ್ಟ್ರೋಕ್ ತಗೊಳ್ಳಿ" ಅಂತ ಅಳಿಯ ಹೇಳ್ತಾರೆ. ಸರಿಯಾದ ಮಾತೇ. ಹಳೇ ಕಾರ್ಬ್ಯುರೇಟರ್ ಟೂ ಸ್ಟ್ರೋಕಲ್ಲಿ ಹಾಕಿದ ಇಂಧನದ ಕಾಲು ಭಾಗದಷ್ಟು ಸುಡದೇ ನೀರಿಗೂ ಗಾಳಿಗೂ ಹೋಗುತ್ತೆ. ಎಂಥ ಒಳ್ಳೇ ಎಣ್ಣೆ ಹಾಕಿದ್ರೂ ಆ ನಷ್ಟ ತಪ್ಪಲ್ಲ. ಇದಕ್ಕೇ ಅಮೆರಿಕಾದ ಟಾಹೋ ಕೆರೆಯಲ್ಲಿ 1999ರಿಂದ ಆ ಥರದ ಮೋಟರುಗಳನ್ನೇ ನಿಲ್ಲಿಸಿದ್ರು. ಆದ್ರೆ ಫೋರ್ ಸ್ಟ್ರೋಕ್ ಮೋಟರಿಗೆ ಬೆಲೆ ಜಾಸ್ತಿ, ತೂಕ ಜಾಸ್ತಿ. ದಿನಾ ಹೆಗಲ ಮೇಲೆ ಹೊತ್ತು ತಂದು ಮನೆ ಒಳಗಿಡೋ ವಸ್ತು ಅದು. ದುಡ್ಡು ಕೂಡೋವರೆಗೆ ಇರೋ ಮೋಟರನ್ನೇ ಚೆನ್ನಾಗಿ ನೋಡ್ಕೊಳ್ಳಬೇಕಲ್ಲ? ಹೊಸ ಸೀರೆ ತರೋವರೆಗೆ ಹಳೇದಕ್ಕೆ ಸಾಬೂನು ಹಾಕದೇ ಇರ್ತೀವಾ?

ಇನ್ನೊಂದು ವಿಷಯ ಸುಳ್ಳು ಹೇಳಬಾರದು. ಕಡಿಮೆ ಹೊಗೆ ಎಣ್ಣೆ ಅಂದ್ರೆ ವಿಷ ಇಲ್ಲದ ಹೊಗೆ ಅಂತ ಅಲ್ಲ. ಮೋಟರ್ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣಿಗೆ ಕಾಣೋ ಹೊಗೆ ಕಮ್ಮಿಯಾಯ್ತು ಅಂತ ಮನೆ ಜಗಲೀಲಿ, ಮುಚ್ಚಿದ ಶೆಡ್ಡಲ್ಲಿ ಮೋಟರ್ ಸ್ಟಾರ್ಟ್ ಮಾಡಿ ಪರೀಕ್ಷೆ ಮಾಡಬೇಡಿ. ಬಯಲಲ್ಲಿ, ಮಕ್ಕಳು ದೂರ ಇರೋ ಕಡೆ ಮಾಡಿಸಿ. ನೀರಿಲ್ಲದೆ ಓಡಿಸಲೂ ಬೇಡಿ, ತಣ್ಣಗೆ ಮಾಡೋ ನೀರು ಸಿಗದೆ ಮೋಟರ್ ಸುಟ್ಟುಹೋಗುತ್ತೆ. ದೊಡ್ಡ ಡ್ರಮ್ಮಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ ಸ್ಟಾರ್ಟ್ ಮಾಡ್ತಾರೆ, ಅದೇ ಸರಿ.

ಹೊಗೆಯ ಬಣ್ಣ ನೋಡೋದನ್ನೂ ಕಲಿತ್ಕೊಳ್ಳಿ, ಒಲೆ ಹೊಗೆ ನೋಡಿದ ಹಾಗೆ. ನೀಲಿ ಅಂದ್ರೆ ಎಣ್ಣೆ ಜಾಸ್ತಿ ಅಥವಾ ತಪ್ಪು ಎಣ್ಣೆ. ಕಪ್ಪು ಅಂದ್ರೆ ಇಂಧನ ಜಾಸ್ತಿ, ಗಾಳಿ ಕಮ್ಮಿ. ದಟ್ಟ ಬಿಳಿ ನಿಲ್ಲದೇ ಬರ್ತಿದ್ರೆ ಒಳಗೆ ನೀರು ಸೇರಿದೆಯೇನೋ ಅಂತ ತೋರಿಸಬೇಕು. ಸ್ಟಾರ್ಟ್ ಆದ ತಕ್ಷಣ ಸ್ವಲ್ಪ ಹೊಗೆ ಬಂದು ನಿಂತ್ರೆ ಗಾಬರಿ ಬೇಡ.

ಗಂಡಸರ ವಿಷಯ ಅಂತ ಅನ್ನೋರಿಗೆ ಒಂದು ಕತೆ. ದೋಣಿ ಹಿಂದೆ ಕಟ್ಟೋ ಈ ಮೋಟರನ್ನ ಮಾರಾಟಕ್ಕೆ ತಂದು ಹೆಸರು ಮಾಡಿದವನು ಅಮೆರಿಕಾದ ಓಲೆ ಎವಿನ್‌ರೂಡ್. ಪ್ರೀತಿಸಿದ ಹುಡುಗಿ ಬೆಸ್‌ಗೆ ಐಸ್‌ಕ್ರೀಮ್ ತರೋಕೆ ಕೆರೆ ದಾಟಿ ಹುಟ್ಟು ಹಾಕ್ಕೊಂಡು ಹೋದನಂತೆ, ವಾಪಸ್ ಬರೋಷ್ಟರಲ್ಲಿ ಅದು ಕರಗಿ ನೀರಾಯ್ತಂತೆ, ಅದೇ ಬೇಜಾರಲ್ಲಿ ಮೋಟರ್ ಯೋಚನೆ ಬಂತಂತೆ. 1909ರಲ್ಲಿ ಮಾರಾಟ ಶುರು. ಅವನು ಮೋಟರ್ ಮಾಡ್ತಿದ್ದ, ಲೆಕ್ಕಪತ್ರ, ಜಾಹೀರಾತು, ವ್ಯಾಪಾರ ಎಲ್ಲ ನೋಡ್ಕೊಂಡವಳು ಹೆಂಡತಿಯಾದ ಆ ಬೆಸ್ಸೇ. ಮೊದಲ ದಿನದಿಂದಲೇ ಇದರ ಲೆಕ್ಕ ಹೆಂಗಸಿನ ಕೈಯಲ್ಲಿತ್ತು. ನಡುವೆ ನಾವೇ ಬಿಟ್ಟುಕೊಟ್ವಿ.

ಗಂಗೊಳ್ಳೀಲೂ ನೋಡಿ, ಮೀನು ಹಿಡಿಯೋರು ಗಂಡಸರು. ದೋಣಿ ದಡಕ್ಕೆ ಬಂದ ತಕ್ಷಣ ಆ ಹೊಗೇಲೇ ನಿಂತು ಬುಟ್ಟಿ ತುಂಬೋರು, ಮಾರೋರು, ದುಡ್ಡು ಎಣಿಸೋರು ಹೆಂಗಸರು. ಎಣ್ಣೆ ತರೋ ನೋಟು ಬರೋದೂ ಅವರ ಸೊಂಟದ ಚೀಲದಿಂದಲೇ. ನೋಟು ಕೊಡೋರಿಗೆ ಡಬ್ಬ ನೋಡೋ ಹಕ್ಕು ಇಲ್ವಾ?

ಈ ವರ್ಷ ಜೂನ್ ಮೊದಲು ಬೀಗಿತ್ತಿ ಫೋನ್ ಮಾಡಿದ್ರು. ಕುಂದಾಪುರದ ಅಂಗಡೀಲಿ ನಿಂತಿದ್ದಾರೆ, ಕೈಯಲ್ಲಿ ಡಬ್ಬ. "ಅಕ್ಕ, ಟಿ, ಸಿ, ಒಂದ್ ಗೀಟ್, ಡಬ್ಲ್ಯೂ, ಮೂರ್. ಇದೇ ಅಲ್ದಾ?" ಅಂತ ಒಂದೊಂದೇ ಅಕ್ಷರ ಓದಿದ್ರು. ಸೀಲ್ ಒಡೆದಿಲ್ಲ ತಾನೆ ಅಂತ ಕೇಳಿದೆ. "ಇಲ್ಲ" ಅಂದ್ರು. ಜತೆಗೆ ಹತ್ತು ರೂಪಾಯಿದೊಂದು ಅಳತೆ ಲೋಟಾನೂ ತಗೊಂಡ್ರಂತೆ, ಅಡುಗೆಮನೆ ಲೋಟ ಎಣ್ಣೆಗೆ ಕೊಡಲ್ಲ ಅಂತ.

ಈ ಮಳೆಗಾಲ ದೋಣಿ ದಿನಾ ವಾಪಸ್ ಬಂತು. ಅದು ಎಣ್ಣೆಯಿಂದಾನೇ ಅಂತ ನಾನು ಹೇಳಲ್ಲ, ಮೆಕ್ಯಾನಿಕ್ ಹೇಳಿದ ಹಾಗೆ ಆಣೆ ಮಾಡಲ್ಲ. ಆದ್ರೆ ದಡದಲ್ಲಿ ಕೊಡೆ ಹಿಡ್ಕೊಂಡು ನಿಂತ ಆ ಒಂದೂವರೆ ಗಂಟೆ ಇನ್ನೊಂದು ಸಲ ಬರದ ಹಾಗೆ ನಮ್ಮ ಕೈಲಾಗೋದನ್ನ ನಾವು ಮಾಡಬೇಕು. ನಿಮ್ಮ ತವರಲ್ಲೋ, ಬೀಗರ ಮನೇಲೋ ದೋಣಿ ಇದ್ರೆ, ಕಳೆ ಮಿಷನ್ ಇದ್ರೆ, ಇವತ್ತೇ ಫೋನ್ ಮಾಡಿ ಕೇಳಿ: ಡಬ್ಬದ ಮೇಲೆ ಏನು ಬರೆದಿದೆ?

ಮುಂದಿನ ಸಲ ಬೀಗಿತ್ತಿ ಹೇಳಿಕೊಟ್ಟ ಬಂಗಡೆ ಪುಳಿಮುಂಚಿ ಬರೀತೀನಿ. ಎದುರುಮನೆ ಅಕ್ಕಂಗೆ ಅದಾದ್ರೂ ಇಷ್ಟ ಆಗಬಹುದು.